ರೆಕಾರ್ಡಿನಲ್ಲಿ ಜಾಗವಿಲ್ಲದ ಪ್ರಯೋಗ

ಬ್ಯುರೆಟ್ ರೀಡಿಂಗ್ 9.8. ಮೂವತ್ತೆರಡು ಮಕ್ಕಳ ಪ್ರಾಕ್ಟಿಕಲ್ ರೆಕಾರ್ಡ್ ತಿದ್ದಲು ಕುಳಿತಿದ್ದೆ, ಮೂವತ್ತೆರಡರಲ್ಲೂ ಇದೇ ಅಂಕಿ. ಟೈಟ್ರೇಶನ್ ಮೂರು ಸಲ ಮಾಡಬೇಕು. ಮೂರು ಸಲವೂ 9.8, 9.8, 9.8. ಬ್ಯುರೆಟ್ ಮೊದಲ ಸಲ ಹಿಡಿದ ಹದಿನೆಂಟು ಹತ್ತೊಂಬತ್ತು ವರ್ಷದ ಮಕ್ಕಳು. ಅಷ್ಟು ಜನರಲ್ಲಿ ಒಬ್ಬರ ಕೈಯೂ ನಡುಗಲಿಲ್ಲ, ಒಂದು ಹನಿಯೂ ಹೆಚ್ಚು ಬೀಳಲಿಲ್ಲ ಎಂದರೆ ಅಲ್ಲಿ ಪ್ರಯೋಗ ನಡೆದಿಲ್ಲ, ಅಂಕಿ ಮಾತ್ರ ಬರೆದಿದ್ದಾರೆ ಎಂದೇ ಅರ್ಥ.

ನಾನೂ ಹಾಗೆ ಬರೆದವಳೇ. ನಾವು ಅದನ್ನು ‘ರೀಡಿಂಗ್ ಹೊಂದಿಸೋದು’ ಅನ್ನುತ್ತಿದ್ದೆವು. ಉತ್ತರ ಎಷ್ಟು ಬರಬೇಕೆಂದು ಹಿಂದಿನ ವರ್ಷದವರ ರೆಕಾರ್ಡಿನಲ್ಲಿ ನೋಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವುದು. ತಪ್ಪು ರೀಡಿಂಗಿಗೆ ಅಂಕ ಹೋಗುತ್ತಿತ್ತು, ಸುಳ್ಳು ರೀಡಿಂಗಿಗೆ ಹೋಗುತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಪಾಠ ಮಾಡಿದ ಮೇಲೂ ಈ ಮಾತು ನನ್ನನ್ನು ಕಾಡುತ್ತದೆ.

ನಾನು ಚಿಟಗುಪ್ಪದವಳು. ನಮ್ಮೂರು 2018ರಲ್ಲಿ ತಾಲ್ಲೂಕಾಯಿತು. ಅದಕ್ಕೆ ಮೊದಲು ಹೊಲದ ಒಂದು ಉತಾರ ಬೇಕಾದರೂ ಹುಮನಾಬಾದಿಗೆ ಹೋಗಬೇಕಿತ್ತು. ಎಂ.ಎಸ್ಸಿ.ಯಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಓಣಿಯವರು ಮನೆಗೆ ಬಂದು ಪೇಢಾ ತಿಂದು ಹೋಗಿದ್ದರು. ಅದಾದ ಕೆಲವೇ ತಿಂಗಳಿಗೆ ಉಪನ್ಯಾಸಕ ಹುದ್ದೆಯ ಸಂದರ್ಶನಕ್ಕೆ ಹೋದೆ. ಎದುರಿಗೆ ಕುಳಿತ ಹಿರಿಯರು ನನ್ನ ಅಂಕಪಟ್ಟಿ ನೋಡಿ ಸಂತೋಷಪಟ್ಟರು. ಊರು ಕೇಳಿದರು, ಹೇಳಿದೆ. ‘ಬೀದರ ಜಿಲ್ಲೆಯವರು, ರಸಾಯನಶಾಸ್ತ್ರ ಓದಿದವರು. ಹಾಗಾದರೆ ಹೇಳಿ, ಬಿದರಿ ಹೂಜಿ ಏಕೆ ಕಪ್ಪಗಿರುತ್ತದೆ? ಅದರ ಮೇಲಿನ ಬೆಳ್ಳಿ ಏಕೆ ಕಪ್ಪಾಗುವುದಿಲ್ಲ?’

ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯ ಗೋಡೆಗೂಡಿನಲ್ಲೇ ಒಂದು ಬಿದರಿ ಡಬ್ಬಿ ಇತ್ತು. ಅವ್ವ ಅದರಲ್ಲಿ ಅಡಿಕೆ ಇಡುತ್ತಿದ್ದಳು. ದಿನಾ ನೋಡಿದ ವಸ್ತು. ಸತುವಿನ ಬಗ್ಗೆ, ತಾಮ್ರದ ಬಗ್ಗೆ ಪುಟಗಟ್ಟಲೆ ಬರೆದು ಅಂಕ ತೆಗೆದುಕೊಂಡಿದ್ದೆ. ಆ ಡಬ್ಬಿ ಸತುವಿನದು ಎಂಬುದು ಮಾತ್ರ ತಿಳಿದಿರಲಿಲ್ಲ.

ಆ ಹಿರಿಯರು ಬೈಯಲಿಲ್ಲ. ‘ಹೋಗಿ ನೋಡಿ ಬನ್ನಿ ಒಮ್ಮೆ’ ಎಂದರು. ನೌಕರಿ ಬೇರೆ ಕಡೆ ಸಿಕ್ಕಿತು. ಅವರು ಹೇಳಿದಂತೆ ಹೋಗಿ ನೋಡಲು ನನಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅದೂ ಒಬ್ಬ ಹುಡುಗ ಕೇಳಿದ ಮೇಲೆ.

ಅವನು ಬಿ.ಎ. ಹುಡುಗ. 2021ರಲ್ಲಿ ಹೊಸ ಶಿಕ್ಷಣ ನೀತಿ ನಮ್ಮ ರಾಜ್ಯಕ್ಕೆ ಬಂದಾಗ ಮುಕ್ತ ಐಚ್ಛಿಕ ವಿಷಯ ಎಂಬುದೊಂದು ಬಂದಿತ್ತು. ಕಲಾ ವಿಭಾಗದವರು ವಿಜ್ಞಾನದ್ದೊಂದು ಪೇಪರ್ ಓದಬಹುದು, ವಿಜ್ಞಾನದವರು ಇತಿಹಾಸ ಓದಬಹುದು. ಆ ನೀತಿಯ ಬಗ್ಗೆ ನನಗೆ ಬೇರೆ ಹಲವು ತಕರಾರುಗಳಿವೆ. ಆದರೆ ಈ ಒಂದು ಬಾಗಿಲು ತೆಗೆದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಆಮೇಲೆ ನಡೆದದ್ದು ಏನೆಂದರೆ, ಮಕ್ಕಳು ವಿಷಯ ನೋಡಿ ಆಯ್ಕೆ ಮಾಡಲಿಲ್ಲ. ಯಾವ ಮೇಷ್ಟ್ರು ಕೈಬಿಚ್ಚಿ ಅಂಕ ಕೊಡುತ್ತಾರೆ ಎಂದು ನೋಡಿ ಮಾಡಿದರು. ಅವರನ್ನು ದೂರಲಾರೆ. ಆ ಪೇಪರಿನ ಅಂಕವೂ ಒಟ್ಟು ಸರಾಸರಿಗೆ ಸೇರುತ್ತಿತ್ತು. ಗೊತ್ತಿಲ್ಲದ ವಿಷಯಕ್ಕೆ ಕೈ ಹಾಕಿ ಸರಾಸರಿ ಕೆಡಿಸಿಕೊಳ್ಳುವ ಧೈರ್ಯ ಯಾರಿಗಿದ್ದೀತು? ಬಾಗಿಲು ತೆಗೆದೆವು, ಹೊಸ್ತಿಲಲ್ಲೇ ದಂಡ ಕಟ್ಟಿಸಿಕೊಳ್ಳುವವರನ್ನು ಕೂರಿಸಿದೆವು.

ಆದರೂ ಈ ಹುಡುಗ ಬಂದು ಕುಳಿತ. ಮೂರನೆಯ ದಿನವೋ ನಾಲ್ಕನೆಯ ದಿನವೋ ಎದ್ದು ನಿಂತು, ‘ಮೇಡಂ, ಬಿದರಿ ಸಾಮಾನು ಯಾಕ ಕರ್ರಗ ಇರ್ತದ್ರಿ?’ ಎಂದ. ನನ್ನ ಮೈ ಜುಮ್ಮೆಂದಿತು. ಪುಸ್ತಕದಿಂದ ಉತ್ತರ ಹೇಳಬಹುದಿತ್ತು, ಅಷ್ಟು ಹೊತ್ತಿಗೆ ಓದಿಕೊಂಡಿದ್ದೆ. ಹೇಳಲಿಲ್ಲ. ‘ಹೋಗಿ ನೋಡೋಣ’ ಎಂದೆ.

ಬಿ.ಎಸ್ಸಿ.ಯ ಇಬ್ಬರು ಹುಡುಗಿಯರೂ ಹೊರಟರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲವಾಗಿತ್ತು. ಇಲ್ಲದಿದ್ದರೆ ಆ ಇಬ್ಬರು ಬರುತ್ತಿದ್ದರೋ ಇಲ್ಲವೋ. ಅವರ ಬಸ್ ಪಾಸ್ ಊರಿಂದ ಕಾಲೇಜಿಗೆ ಮಾತ್ರ. ಓದುವ ಮಗಳು ಆ ದಾರಿ ಬಿಟ್ಟು ಬೇರೆಲ್ಲಿಗೂ ಹೋಗಬೇಕಾಗಿಲ್ಲ ಎಂದು ಪಾಸೂ ಹೇಳುತ್ತಿತ್ತು, ಮನೆಯೂ ಹೇಳುತ್ತಿತ್ತು. ಮೂರು ಸೊನ್ನೆ ಟಿಕೆಟ್, ಹುಡುಗನದೊಂದು ದುಡ್ಡಿನ ಟಿಕೆಟ್ ತೆಗೆದುಕೊಂಡು ಒಂದು ಶನಿವಾರ ಬೀದರಿಗೆ ಹೋದೆವು.

ಬಿದರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿದ್ದೂ ಅದೇ 2023ರಲ್ಲಿ. ಹಾಗಾಗಿ ಊರಲ್ಲಿ ಬಿದರಿಯ ಮಾತು ಹೆಚ್ಚಿತ್ತು. ನಾವು ಹೋದದ್ದು ಹೆಸರು ದೊಡ್ಡದಿಲ್ಲದ ಒಂದು ಸಣ್ಣ ಕಾರಖಾನೆಗೆ. ಒಂದು ಕೋಣೆ, ನಾಲ್ಕು ಜನ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಹೊರಗೆ ತೆಗೆದಾಗ ಅದು ಬೂದು ಬಣ್ಣದ, ನೋಡಲು ಏನೂ ಚೆಲುವಿಲ್ಲದ ಲೋಹ. ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿದರೆ ಮೈ ಕಪ್ಪಾಗುತ್ತದೆ. ಈ ಕಪ್ಪು ಉಳಿಯುವುದಲ್ಲ. ಚಾಣದಿಂದ ಗೆರೆ ಕೊರೆಯುವಾಗ ಕಾಣಲಿ ಎಂದಷ್ಟೇ. ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸಿ ತಟ್ಟಿ, ಮತ್ತೆ ಉಜ್ಜುತ್ತಾರೆ. ಆಗ ಬೆಳ್ಳಿಯೂ ಲೋಹವೂ ಒಂದೇ ಬಣ್ಣ, ಇಷ್ಟು ಹೊತ್ತು ಪಟ್ಟ ಶ್ರಮವೇ ಕಾಣುವುದಿಲ್ಲ. ಕೊನೆಗೆ ಬೀದರ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರ ಎಂಬ ಉಪ್ಪಿನ ಜೊತೆ ಕಲಸಿ, ಬಿಸಿ ಮಾಡಿದ ಪಾತ್ರೆಯ ಮೈಗೆ ತಿಕ್ಕುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕ್ಷಣ ನೋಡಿದ ಹುಡುಗಿಯೊಬ್ಬಳು ‘ಅಯ್ಯವ್ವಾ’ ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಮ್ಮ ಲ್ಯಾಬಿನಲ್ಲಿ ಅವಳು ಕಳೆದ ಎರಡು ವರ್ಷದಲ್ಲಿ ಒಮ್ಮೆಯೂ ಆ ಉದ್ಗಾರ ಕೇಳಿರಲಿಲ್ಲ.

ಅಲ್ಲಿದ್ದ ಹಿರಿಯ ಚಾಚಾ ಮಣ್ಣಿನ ಡಬ್ಬಿ ಮುಂದೆ ಸರಿಸಿದರು. ‘ಮಿಟ್ಟೀ ಕು ಜಬಾನ್ ಪೊ ರಖ್ ಕೊ ದೇಖೋ ಬೇಟಾ.’ ನಾಲಗೆ ಮೇಲೆ ಇಟ್ಟು ನೋಡು ಎಂದು. ಅವರು ಮಣ್ಣು ಆರಿಸುವುದೇ ಹಾಗೆ, ರುಚಿಯಿಂದ. ನಾಲ್ವರೂ ಚಿಟಿಕೆ ಮಣ್ಣು ನಾಲಗೆಗೆ ಹಚ್ಚಿಕೊಂಡೆವು. ಉಪ್ಪುಪ್ಪಾಗಿ, ಆಮೇಲೆ ತಣ್ಣಗೆ ಚುರುಕಾಗಿ. ಬಿಸಿಲು ಮಳೆ ಕಾಣದ ಹಳೆಯ ಕಟ್ಟಡದ ಮಣ್ಣಿನಲ್ಲಿ ನೈಟ್ರೇಟ್ ಲವಣ ಸೇರಿಕೊಂಡಿರುತ್ತದೆ ಎಂಬ ವಾಕ್ಯವನ್ನು ನಾನು ಓದಿದ್ದೆ. ಆ ವಾಕ್ಯಕ್ಕೆ ರುಚಿ ಇದೆ ಎಂದು ಅವತ್ತು ಗೊತ್ತಾಯಿತು.

ಹೊರಡುವಾಗ ಅವರು ಎರಕದಲ್ಲಿ ಒಡೆದುಹೋದ ಕೆಲವು ತುಂಡುಗಳನ್ನು ಮಕ್ಕಳ ಕೈಗೆ ಹಾಕಿದರು. ಬಸ್ಸಿನಲ್ಲಿ ಆ ಬಿ.ಎ. ಹುಡುಗ, ‘ಮೇಡಂ, ನಮ್ಮ ಚಿಟಗುಪ್ಪದ ಕೆಂಪು ಮಣ್ಣು ಹಚ್ಚಿದ್ರ ಕರ್ರಗ ಆಗ್ತದೇನ್ರಿ?’ ಎಂದ. ನನಗೆ ಉತ್ತರ ಗೊತ್ತಿರಲಿಲ್ಲ. ಈ ಸಲ ಗೊತ್ತಿಲ್ಲದಿರುವುದು ಹಿತವಾಗಿತ್ತು.

ಮುಂದಿನ ಆರು ವಾರ, ಶನಿವಾರ ಮಧ್ಯಾಹ್ನ, ಕಿಟಕಿಗಳನ್ನೆಲ್ಲ ತೆಗೆದಿಟ್ಟು ಈ ಮೂವರು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲ ದಿನ ಚಾಚಾ ಕೊಟ್ಟ ತುಂಡು ಹಾಳುಮಾಡಲು ಮನಸ್ಸಾಗದೆ, ಹಳೆಯ ಬ್ಯಾಟರಿ ಸೆಲ್ಲಿನ ಸತುವಿನ ಡಬ್ಬಿ ಬಿಚ್ಚಿ ಅದಕ್ಕೆ ಹೊಲದ ಮಣ್ಣು, ನವಸಾಗರ ತಿಕ್ಕಿದರು. ಕೊಳಕು ಬೂದು ಬಂತು, ಅಷ್ಟೇ. ತಪ್ಪು ಮಣ್ಣಿನದೋ ಲೋಹದ್ದೋ? ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದರಿಂದ ಹೇಳುವಂತಿರಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಅವರಿಗೆ ಅದು ತಲೆಗೆ ಹೋದದ್ದು ಆ ಬೂದು ಬಣ್ಣ ನೋಡಿದಾಗ. ಎರಡನೆಯ ವಾರ ತಾಮ್ರ ಸೇರಿದ ನಿಜವಾದ ಬಿದರಿ ತುಂಡಿಗೆ ಅದೇ ಹೊಲದ ಮಣ್ಣು. ಅಲ್ಲಲ್ಲಿ ಕಪ್ಪು, ಉಳಿದ ಕಡೆ ಕಂದು. ಆಮೇಲೆ ಒಬ್ಬಳು ಹುಡುಗಿ ತಮ್ಮ ಅಜ್ಜ ಹೇಳಿದ ಮಾತು ತಂದಳು: ದನದ ಕೊಟ್ಟಿಗೆಯ ನೆಲದ ಅಂಚಿನಲ್ಲಿ ಬೇಸಿಗೆಗೆ ಬಿಳಿ ಉಪ್ಪು ಏಳುತ್ತದೆ, ಹಿಂದೆ ಅದರಿಂದಲೇ ಮದ್ದಿನುಪ್ಪು ತೆಗೆಯುತ್ತಿದ್ದರಂತೆ. ಅಜ್ಜ ಹೇಳಿದ್ದು ಸರಿ. ದನದ ಗಂಜಲ ಸೇರಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡುತ್ತವೆ. ಬಂದೂಕಿನ ಮದ್ದಿಗೆ ಬೇಕಾದ ಉಪ್ಪನ್ನು ಈ ದೇಶದ ಹಳ್ಳಿಗಳಲ್ಲಿ ಶತಮಾನಗಳ ಕಾಲ ಇಂಥ ಮಣ್ಣಿನಿಂದಲೇ ತೆಗೆದಿದ್ದಾರೆ. ಅವಳು ಕೊಟ್ಟಿಗೆಯ ಮಣ್ಣು ತಂದಳು. ಕಪ್ಪು ಬಂತು. ಕೋಟೆ ಮಣ್ಣಿನ ಕಪ್ಪಿನಷ್ಟು ಆಳವಿಲ್ಲ, ಒಂದೇ ಸಮವೂ ಇಲ್ಲ, ಆದರೆ ಕಪ್ಪು. ಮೂವರೂ ಲ್ಯಾಬಿನಲ್ಲಿ ಕೂಗಿದ ಕೂಗಿಗೆ ಪಕ್ಕದ ಕ್ಲಾಸಿನ ಸರ್ ಎದ್ದು ಬಂದರು.

ಈ ಆರು ವಾರಕ್ಕೆ ಅವರ ರೆಕಾರ್ಡಿನಲ್ಲಿ ಒಂದು ಪುಟವೂ ಇಲ್ಲ. ಪಠ್ಯಕ್ರಮದ ಪಟ್ಟಿಯಲ್ಲಿಲ್ಲದ ಪ್ರಯೋಗಕ್ಕೆ ಸಹಿ ಹಾಕುವ ಅಧಿಕಾರ ನನಗಿರಲಿಲ್ಲ. ಬಿ.ಎ. ಹುಡುಗನಿಗಂತೂ ಲ್ಯಾಬಿನ ರೆಕಾರ್ಡೇ ಇಲ್ಲ. ಆ ಸೆಮಿಸ್ಟರಿನಲ್ಲಿ ಕೊಟ್ಟಿಗೆ ಮಣ್ಣು ತಂದವಳ ಅಂಕ ಕಡಿಮೆಯಾಯಿತು. ಒಂದು ಕಿರುಪರೀಕ್ಷೆಯನ್ನು ಸರಿಯಾಗಿ ಬರೆದಿರಲಿಲ್ಲ.

ಅವಳ ತಂದೆ ಬಂದರು. ತೊಗರಿ ಹಾಕುವ ರೈತರು, ಮಾತು ಮೆತ್ತಗೆ. ‘ಮೇಡಂರಿ, ಸಿಟ್ಟಾಗಬ್ಯಾಡ್ರಿ. ಮಣ್ಣು ತಿಕ್ಕೋತ ಕುಂತ್ರ ನಮ್ ಹುಡುಗಿಗಿ ನೌಕರಿ ಹತ್ತತದೇನ್ರಿ? ಒಂದ್ ವರ್ಷ ಮಳಿ ಹೋದ್ರ ನಾ ಮುಂದಿನ ವರ್ಷ ಬಿತ್ತತೀನಿ. ಈಕಿ ಪರ್ಸೆಂಟ್ ಹೋದ್ರ ಮತ್ತ ಬರ್ತದೇನ್ರಿ?’

ಅವರಿಗೆ ನಾನು ಅಂದು ಏನೂ ಹೇಳಲಿಲ್ಲ. ಚಹಾ ತರಿಸಿದೆ, ಅಷ್ಟೇ. ಅವರ ಪ್ರಶ್ನೆಗೆ ಉತ್ತರ ಕೊಡದೆ ಈ ವಿಷಯದಲ್ಲಿ ಮಾತಾಡುವ ಯಾರಿಗೂ ನಮ್ಮ ಭಾಗದಲ್ಲಿ ಬೆಲೆಯಿಲ್ಲ, ಇರಲೂ ಬಾರದು. ‘ಅಂಕದ ಹಿಂದೆ ಓಡಬೇಡಿ’ ಎಂದು ಭಾಷಣ ಮಾಡುವವರು ಸಾಮಾನ್ಯವಾಗಿ ಅಂಕ ತೆಗೆದು ದಡ ಸೇರಿದವರು. ನಾನೂ ಅವರಲ್ಲೊಬ್ಬಳು. ಈ ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಕೈಯಲ್ಲಿತ್ತು. ಶಾಲೆಯಲ್ಲಿ ಕನ್ನಡ ಕಲಿಯುವುದೇ ಕಷ್ಟವಿತ್ತು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಇಲ್ಲಿಯ ಪ್ರತಿ ಮನೆಗೂ ಗೊತ್ತು. ಅಲ್ಲಿಂದ ನಡೆದು ಬಂದವರು ನಾವು. ಹಿಂದುಳಿದ ಈ ಭಾಗಕ್ಕೆ 371ಜೆ ಕಲಮಿನ ವಿಶೇಷ ಸ್ಥಾನಮಾನ ಸಿಕ್ಕು ಇನ್ನೂ ಹದಿನೈದು ವರ್ಷ ತುಂಬಿಲ್ಲ. ತಂದೆಗೆ ಎರಡೆಕರೆ ತೊಗರಿ, ಮಗಳಿಗೆ ಒಂದು ಅಂಕಪಟ್ಟಿ, ಅಷ್ಟೇ ಆಸ್ತಿ ಇರುವ ಮನೆಯಲ್ಲಿ ‘ಅಂಕ ಹೋದರೆ ಹೋಗಲಿ’ ಎನ್ನುವುದು ಕ್ರೂರ ಮಾತು.

ಆದರೆ ಅಂಕ ಎಲ್ಲಿ ಲೆಕ್ಕಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಆ ತಂದೆಗೆ ನಾವು ಯಾರೂ ಬಿಡಿಸಿ ಹೇಳಿಲ್ಲ. ಶಿಕ್ಷಕರ ನೇಮಕಾತಿಯಲ್ಲಿ ಪದವಿಯ ಅಂಕ ಸೇರುತ್ತದೆ, ನಿಜ. ಪಿ.ಜಿ. ಸೀಟಿಗೂ ಬೇಕು. ಯುಜಿಸಿ ನೆಟ್ ಬರೆಯಲು ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರದಲ್ಲಿ 55 ಪ್ರತಿಶತ ಬೇಕು. ಇನ್ನೊಂದು ಕಡೆ ಐಎಎಸ್, ಕೆಎಎಸ್ ಬರೆಯಲು ಪದವಿ ಪಾಸಾಗಿದ್ದರೆ ಸಾಕು. 72 ಇದ್ದದ್ದು 68 ಆದರೆ ಮುಚ್ಚುವ ಬಾಗಿಲುಗಳು ಮನೆಯವರು ಹೆದರುವಷ್ಟಿಲ್ಲ. ಆ ನಾಲ್ಕು ಅಂಕಕ್ಕಾಗಿ ಮೂರು ವರ್ಷ ಒಂದೂ ಪ್ರಶ್ನೆ ಕೇಳದೆ, ಒಂದೂ ತಪ್ಪು ರೀಡಿಂಗ್ ಬರೆಯದೆ ಹೊರಗೆ ಹೋದವರ ನಷ್ಟ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ. ನನ್ನದು ಕಂಡದ್ದು ಆ ಸಂದರ್ಶನದ ದಿನ.

ಇನ್ನು ಆ ರೈತರ ಮಾತಿನಲ್ಲೇ ಉತ್ತರದ ಅರ್ಧ ಇತ್ತು ಎಂದು ಆಮೇಲೆ ನನಗೆ ಹೊಳೆಯಿತು. ಹೊಸ ತಳಿಯ ಬೀಜ ಬಂದರೆ ನಮ್ಮ ಕಡೆ ಯಾರೂ ಇಡೀ ಹೊಲಕ್ಕೆ ಹಾಕುವುದಿಲ್ಲ. ಒಂದು ಮೂಲೆಗೆ ಹಾಕಿ ನೋಡುತ್ತಾರೆ. ಬಂದರೆ ಬಂತು, ಹೋದರೆ ಮನೆ ಮುಳುಗುವುದಿಲ್ಲ. ಪದವಿಯಲ್ಲೂ ಅಂಥ ಒಂದು ಮೂಲೆ ಬೇಕು ಎಂದು ನಾನು ಕೇಳುತ್ತಿದ್ದೇನೆ. ವರ್ಷಕ್ಕೆ ಒಂದು ಪೇಪರ್. ಮಗು ತಾನೇ ಆರಿಸಿಕೊಂಡದ್ದು, ತನ್ನ ವಿಭಾಗದ್ದೇ ಆಗಬೇಕಿಲ್ಲ. ಹಾಜರಾತಿ ಬೇಕು, ಮಾಡಿದ ಕೆಲಸದ ದಿನಚರಿ ಬೇಕು, ಆದರೆ ಫಲಿತಾಂಶ ‘ಪಾಸ್’ ಎಂದಷ್ಟೇ. ಸರಾಸರಿಗೆ ಸೇರಬಾರದು. ಪ್ರಯೋಗ ಕೆಟ್ಟರೂ, ಏಕೆ ಕೆಟ್ಟಿತು ಎಂದು ಪ್ರಾಮಾಣಿಕವಾಗಿ ಬರೆದವರು ಪಾಸ್.

ಇದು ನನ್ನ ಕಲ್ಪನೆಯಲ್ಲ. ಜಗತ್ತಿನ ಅತಿ ಕಠಿಣ ತಾಂತ್ರಿಕ ವಿಶ್ವವಿದ್ಯಾಲಯಗಳಲ್ಲಿ ಒಂದಾದ ಅಮೆರಿಕದ ಎಂ.ಐ.ಟಿ. 1968ರಿಂದ ಹೊಸ ವಿದ್ಯಾರ್ಥಿಗಳಿಗೆ ಇಂಥದ್ದೇ ಏರ್ಪಾಡು ಮಾಡಿಕೊಂಡು ಬಂದಿದೆ. ಈಗ ಅಲ್ಲಿ ಮೊದಲ ಸೆಮಿಸ್ಟರಿನ ವಿಷಯಗಳಿಗೆ ಪಾಸಾದರೆ ಪಾಸ್ ಎಂದು ಬರೆಯುತ್ತಾರೆ. ಪಾಸಾಗದಿದ್ದರೆ ಹೊರಗಿನವರು ನೋಡುವ ಅಂಕಪಟ್ಟಿಯಲ್ಲಿ ಆ ಸಾಲೇ ಇರುವುದಿಲ್ಲ. ಅಷ್ಟು ಪೈಪೋಟಿ ಗೆದ್ದು ಬಂದ ಮಕ್ಕಳಿಗೇ ಎಡವಲು ಜಾಗ ಬೇಕು ಎಂದು ಅವರಿಗೆ ಅನ್ನಿಸಿದೆ. ಕಟ್ಟಿಗೆ ಒಲೆಯ ಮುಂದೆ ಓದಿ ಬಂದ ನಮ್ಮ ಮಕ್ಕಳಿಗೆ ಬೇಡವೇ?

ನಮ್ಮ ನೀತಿಗಳಂತೂ ಮಕ್ಕಳಿಗಿಂತ ಬೇಗ ಪಾಸಾಗಿ ಮುಂದೆ ಹೋಗುತ್ತವೆ. 2021ರ ನಾಲ್ಕು ವರ್ಷದ ಪದವಿ 2024ಕ್ಕೆ ಹೋಯಿತು, ಮೂರು ವರ್ಷದ್ದು ಮರಳಿತು. ಮೂರೋ ನಾಲ್ಕೋ ಎಂದು ವಾದ ಮಾಡಿದ ಹೊತ್ತಿನಲ್ಲಿ, ಆ ವರ್ಷಗಳ ಒಳಗೆ ಮಗು ಒಂದು ದಿನವಾದರೂ ಕ್ಲಾಸಿನ ಹೊರಗೆ ಹೋಗಿ ತಾನೇ ಏನನ್ನಾದರೂ ಕಂಡುಕೊಂಡು ಬಂತೇ ಎಂದು ಕೇಳಿದವರು ಕಡಿಮೆ. ಬೀದರಿಗೆ ಈಗ ತನ್ನದೇ ವಿಶ್ವವಿದ್ಯಾಲಯ ಇದೆ. ಹೊಸದು. ಹೊಸತರಲ್ಲೇ ಇಂಥ ಒಂದು ಪೇಪರ್ ತಂದರೆ ತರಬಹುದು, ಇಪ್ಪತ್ತು ವರ್ಷವಾದ ಮೇಲೆ ಆಗದು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕಂಡುಕೊಳ್ಳುವುದಕ್ಕೆ ಇಲ್ಲಿ ಏನಿದೆ ಎಂದು ಕೇಳುವ ಸಹೋದ್ಯೋಗಿಗಳಿಗೆ ಒಂದು ಮಾತು. ಬೀದರಿನ ನೌಬಾದಿನಲ್ಲಿ ನೆಲದ ಕೆಳಗೆ ಬಹಮನಿ ಕಾಲದ ಕರೇಜ್ ಇದೆ, ನಾವು ಸುರಂಗ ಬಾವಿ ಎನ್ನುತ್ತೇವೆ. ಕೆಂಪು ಜಂಬಿಟ್ಟಿಗೆಯೊಳಗೆ ಇಂಗಿದ ನೀರು ಕೆಳಗಿನ ಕಪ್ಪು ಕಲ್ಲಿಗೆ ತಾಗಿ ನಿಲ್ಲುತ್ತದೆ, ಆ ನೀರನ್ನು ಸುರಂಗ ಕೊರೆದು ಹರಿಸಿದ್ದಾರೆ. ಅದರೊಳಗೆ ಇಳಿದು ಅಳೆದು ನಕ್ಷೆ ಮಾಡಿದವರು ಕೇರಳದ ಚಿತ್ತೂರಿನ ಸರ್ಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ. ಅವರ ಜೊತೆ ನಿಂತವರು ಬೀದರಿನದೇ ಯುವಕರ ತಂಡ. ಅವರಿಗೆ ನನ್ನ ನಮಸ್ಕಾರ. ಆದರೆ ಅದೇ ಕೆಂಪು ನೆಲದ ಮೇಲೆ ಕಟ್ಟಿದ ನಮ್ಮ ಕಾಲೇಜುಗಳಲ್ಲಿ ಭೂಗೋಳದಲ್ಲಿ ತೊಂಬತ್ತು ತೆಗೆದ ಮಕ್ಕಳು ಆ ಸುರಂಗದ ಬಾಯಿಯನ್ನೂ ನೋಡಿಲ್ಲ. ಹುಮನಾಬಾದಿನ ಹತ್ತಿರ ಜಲಸಂಗಿಯ ಚಾಲುಕ್ಯ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಶಾಸನ ಬರೆಯುತ್ತ ನಿಂತಿದ್ದಾಳೆ, ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಸಾಲು. ಅವನ ಮಗ ಮೂರನೇ ಸೋಮೇಶ್ವರ ಕಲ್ಯಾಣದಲ್ಲಿ ಕುಳಿತು ಅಡುಗೆ, ಆನೆ, ಮೀನು, ಸಂಗೀತ, ಚಿತ್ರಕಲೆ ಎಲ್ಲವನ್ನೂ ಒಂದೇ ಗ್ರಂಥಕ್ಕೆ ಸೇರಿಸಿದ, ಮಾನಸೋಲ್ಲಾಸ ಎಂದು. ಆ ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಐದು ಅಂಕದ ಟಿಪ್ಪಣಿಯಾಗಿ ಮಾನಸೋಲ್ಲಾಸವನ್ನು ಬಾಯಿಪಾಠ ಮಾಡುತ್ತಾರೆ. ಒಳಗೆ ಏನಿದೆ ಎಂದು ತೆರೆದು ನೋಡಿದ ಒಬ್ಬ ವಿದ್ಯಾರ್ಥಿಯನ್ನೂ ನಾನು ಭೇಟಿಯಾಗಿಲ್ಲ.

ನನ್ನ ಕೈಯಲ್ಲಿರುವುದನ್ನು ನಾನು ಮಾಡಿದ್ದೇನೆ. ನನ್ನ ಲ್ಯಾಬಿನಲ್ಲಿ ಈಗ ತಪ್ಪು ರೀಡಿಂಗಿಗೆ ಅಂಕ ಹೋಗುವುದಿಲ್ಲ. 9.8ರ ಬದಲು 11.3 ಬಂದಿದ್ದರೆ 11.3 ಎಂದೇ ಬರೆಯಬೇಕು, ಕೆಳಗೆ ಕಾರಣ ಊಹಿಸಿ ಎರಡು ಸಾಲು. ಮೊದಲ ತಿಂಗಳು ಮಕ್ಕಳು ನಂಬಲಿಲ್ಲ. ಈಗ ರೆಕಾರ್ಡುಗಳಲ್ಲಿ 9.4, 10.1, 9.9, ಒಮ್ಮೊಮ್ಮೆ 14 ಕೂಡ ಬರುತ್ತದೆ. ತಿದ್ದಲು ಮೊದಲಿಗಿಂತ ಎರಡು ಪಟ್ಟು ಹೊತ್ತು ಬೇಕು. ಕೊಡುತ್ತೇನೆ. ಇದಕ್ಕೆ ಯಾರ ಆದೇಶವೂ ಬೇಕಾಗಿರಲಿಲ್ಲ, ಇಷ್ಟು ವರ್ಷ ಏಕೆ ಮಾಡಲಿಲ್ಲ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕೊಟ್ಟಿಗೆ ಮಣ್ಣು ತಂದ ಹುಡುಗಿಗೆ ಪದವಿಯಲ್ಲಿ 68 ಪ್ರತಿಶತ ಬಂತು. ಈಗ ಬಿ.ಎಡ್. ಮಾಡುತ್ತಿದ್ದಾಳೆ. ಹೋದ ವಾರ ಫೋನ್ ಮಾಡಿದ್ದಳು. ಹುಮನಾಬಾದಿನ ಶಾಲೆಯೊಂದರಲ್ಲಿ ಅಭ್ಯಾಸ ಪಾಠ, ಎಂಟನೇ ತರಗತಿ, ಲೋಹ ಮತ್ತು ಅಲೋಹ. ಚಾಚಾ ಕೊಟ್ಟ ತುಂಡು ಒಂದು ಇನ್ನೂ ಇಟ್ಟುಕೊಂಡಿದ್ದಾಳಂತೆ. ಮಣ್ಣನ್ನು ಅವಳ ಅಪ್ಪನೇ ಕೊಟ್ಟಿಗೆಯಿಂದ ಕೆರೆದು ಕೊಟ್ಟಿದ್ದಾರಂತೆ.

‘ನವಸಾಗರ ಹುಮನಾಬಾದಿನಾಗ ಎಲ್ಲಿ ಸಿಗ್ತದ್ರಿ ಮೇಡಂ?’

ಪಾತ್ರೆಗೆ ಕಲಾಯಿ ಹಾಕುವವರ ಹತ್ತಿರ ಇರುತ್ತದೆ, ಅವರು ಅದನ್ನು ನೌಸಾದರ್ ಅನ್ನುತ್ತಾರೆ ಎಂದು ಹೇಳಿದೆ. ಕಲಾಯಿ ಹಾಕುವವರು ಈಗ ಎಲ್ಲಿ ಕೂರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡ್ ಕಡೆ ವಿಚಾರಿಸಿ ಸಂಜೆ ಮತ್ತೆ ಫೋನ್ ಮಾಡುತ್ತೇನೆ ಎಂದಳು.